ಆಚೀಚೆ ನೋಡಿ ಹೇಳಿದ ಮಾತು

"ನಿನ್ನ ಮೊದಲ ನಿಶ್ಚಿತಾರ್ಥ ಯಾಕೆ ಮುರಿದು ಬಿತ್ತು? ಅದೊಂದು ಹೇಳಿಬಿಡಪ್ಪ."

ಗೌಸ್ ಪೀರ್ ಸಾಹೇಬರು ಕೇಳಿದ್ದು ಮೆಲ್ಲಗೇ. ಆದರೆ ಹಾಲ್‌ನಲ್ಲಿ ಕೂತವರೆಲ್ಲ ಬಿಸ್ಕತ್ತು ಅಗಿಯುವುದನ್ನು ನಿಲ್ಲಿಸಿದರು.

ಚಹಾದ ಟ್ರೇ ಹಿಡಿದು ಬಾಗಿಲ ಪರದೆ ದಾಟಿದ ಸಾಹೇಬರ ಮಗಳು ತಸ್ನೀಮ್ ಕೂಡ ನಿಂತಳು. ಅವಳಿಗೂ ಬೇಕಾಗಿದ್ದುದು ಅದೇ ಉತ್ತರ. ಹುಡುಗ ಇದ್ರೀಸ್, ಭದ್ರಾವತಿಯವನು, ರಂಗಪ್ಪ ಸರ್ಕಲ್ ಹತ್ತಿರ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುವ ಅಂಗಡಿ ಇಟ್ಟವನು. ಹೋದ ವರ್ಷ ನಿಕಾಹ್ ಹತ್ತಿರ ಬಂದಾಗ ಅವನ ಸಂಬಂಧ ಮುರಿದಿತ್ತು. ಯಾಕೆ ಅಂತ ಊರಿನ ಹತ್ತು ಬಾಯಿ ಹತ್ತು ಕಥೆ ಹೇಳುತ್ತಿದ್ದವು. ಇವನ ಬಾಯಿ ಮಾತ್ರ ಒಂದೂ ಹೇಳಿರಲಿಲ್ಲ.

"ಚಾಚಾ, ನನ್ನ ಬಗ್ಗೆ ಏನು ಬೇಕಾದ್ರೂ ಕೇಳಿ, ಹೇಳ್ತೀನಿ. ಇದು ನನ್ನೊಬ್ಬನ ಮಾತಲ್ಲ. ಹೇಳಕ್ಕಾಗಲ್ಲ."

'ಹೇಳಕ್ಕಾಗಲ್ವಾ! ಹೆಣ್ಣು ಕೇಳಕ್ಕೆ ಬಂದು ಈ ಧಿಮಾಕಾ?'

ಸಿಟ್ಟಿನಲ್ಲೇ ತಸ್ನೀಮ್ ಟೀಪಾಯಿಯ ಮೇಲೆ ಕಪ್ ಇಟ್ಟಳು. ಇಟ್ಟಳು ಅಂದುಕೊಂಡಳು, ಅಷ್ಟೇ! ಕಪ್ಪಿನ ಅರ್ಧ ಟೀಪಾಯಿಯ ಅಂಚಿನಿಂದ ಹೊರಗಿತ್ತು. ಚಹಾ ಸುರಿದು ನೂರ್ ಖಾಲಾಳ ಹೊಸ ದುಪಟ್ಟಾ ನೆನೆಯಿತು.

"ಹಾಯ್ ಅಲ್ಲಾ! ನೋಡ್ಕೊಂಡು ಇಡಬಾರ್ದೇನೇ?"

ನೂರ್ ಖಾಲಾ ಈ ಸಂಬಂಧ ತಂದವಳು. ಶಿವಮೊಗ್ಗದಿಂದ ಭದ್ರಾವತಿವರೆಗೆ ಅವಳು ಕೂಡಿಸಿದ ಜೋಡಿಗಳಿಗೆ ಲೆಕ್ಕವಿಲ್ಲ, ಸಾಗಿಸಿದ ಮಾತುಗಳಿಗಂತೂ ಮೊದಲೇ ಇಲ್ಲ.

ಇದ್ರೀಸ್ ಮಾತ್ರ ದುಪಟ್ಟಾ ನೋಡಲಿಲ್ಲ. ಒಂದೇ ಒಂದು ಸಲ ತಸ್ನೀಮಳ ಮುಖ ನೋಡಿ ತಲೆ ತಗ್ಗಿಸಿದ.

ಹಿರಿಯರು ಇಬ್ಬರಿಗೂ ಮಾತಾಡಲು ಹತ್ತು ನಿಮಿಷ ಬಿಟ್ಟರು. ವರಾಂಡದಲ್ಲಿ, ಬಾಗಿಲು ತೆರೆದಿಟ್ಟೇ.

"ನೀವು ಕಾರಣ ಹೇಳದೆ ಇದ್ರೆ ನಾನು ಏನಂತ ನಂಬಲಿ?" ತಸ್ನೀಮ್ ನೇರವಾಗಿ ಕೇಳಿದಳು. ಶಿವಮೊಗ್ಗ ಗೋಪಾಳದ ಶಾಲೆಯೊಂದರಲ್ಲಿ ಎಂಟನೇ ಕ್ಲಾಸಿಗೆ ವಿಜ್ಞಾನ ಕಲಿಸುವ ಟೀಚರ್ ಅವಳು. ಪ್ರಶ್ನೆ ಕೇಳಿ ಉತ್ತರ ಬರದಿದ್ದರೆ ಸುಮ್ಮನಿರುವ ಜಾಯಮಾನ ಅವಳದಲ್ಲ.

"ನಂಬಿ ಅಂತ ನಾನು ಹೇಗೆ ಹೇಳಲಿ? ಅದು ನಿಮ್ಮ ಹಕ್ಕು." ಸ್ವಲ್ಪ ತಡೆದು ಅವನು ದನಿ ತಗ್ಗಿಸಿದ. "ಒಂದು ಕೇಳ್ಲಾ? ಕಪ್ ಇಡುವಾಗ ಬಲಗಣ್ಣು ಕಿರಿದು ಮಾಡ್ಕೊಂಡ್ರಿ... ಯಾರಿಗಾದ್ರೂ ತೋರಿಸಿದ್ದೀರಾ?"

ಅವಳು ಥಟ್ಟನೆ ಮುಖ ತಿರುಗಿಸಿಕೊಂಡಳು.

ಮನೆಯಲ್ಲಿ ಯಾರೂ ಕಂಡುಹಿಡಿಯದ್ದನ್ನು ಇವನು ಒಂದು ಕಪ್ ಚಹಾದಲ್ಲಿ ಹಿಡಿದಿದ್ದ! ಇಲ್ಲ ಅನ್ನಬಹುದಿತ್ತು. ಆದರೆ ಮುಚ್ಚಿಟ್ಟು ಮದುವೆಯಾಗುವ ಬುದ್ಧಿ ಅವಳಿಗೂ ಇರಲಿಲ್ಲ.

"ತೋರಿಸಿದ್ದೀನಿ. ಕಾರ್ನಿಯಾ ತೆಳ್ಳಗಾಗ್ತಾ ಇದೆಯಂತೆ. ಬಲಗಣ್ಣಲ್ಲಿ ಎಲ್ಲಾ ಎರಡೆರಡು ಕಾಣುತ್ತೆ. ನಮ್ಮ ಅಬ್ಬಾಗೆ ಗೊತ್ತಿಲ್ಲ... ಗೊತ್ತಾಗ್ಲೂಬಾರ್ದು."

ಹೇಳಿದವಳೇ ಒಮ್ಮೆ ಹಾಲ್ ಕಡೆ, ಒಮ್ಮೆ ಗೇಟಿನ ಕಡೆ ತಿರುಗಿ ನೋಡಿದಳು.

"ಯಾಕೆ ಹೇಳಿಲ್ಲ?"

"ನಮ್ಮ ಅಕ್ಕನ ಕೈ ಮೇಲೆ ಒಂದು ಬಿಳಿ ಮಚ್ಚೆ ಇತ್ತು. ಅದಕ್ಕೇ ಬಂದ ಸಂಬಂಧ ಎಲ್ಲ ತಪ್ಪಿ ಹೋಯ್ತು. ಅಬ್ಬಾ ಬಚ್ಚಲಮನೇಲಿ ನಲ್ಲಿ ಬಿಟ್ಕೊಂಡು ಅಳ್ತಿದ್ರು... ಮತ್ತೆ ಅವರನ್ನ ಹಾಗೆ ನೋಡಕ್ಕೆ ನನ್ನ ಕೈಲಾಗಲ್ಲ."

ಇದ್ರೀಸ್ ಹಾಲ್‌ಗೆ ಕೇಳದಷ್ಟು ಮೆಲ್ಲಗೆ ಹೇಳಿದ.

"ತಡ ಮಾಡ್ಬೇಡಿ. ಇದು ಇನ್ನೂ ಹೆಚ್ಚಾಗದ ಹಾಗೆ ತಡೀಬಹುದು. ಮನೇಲಿ ನೀವೇ ಹೇಳಿ. ನನ್ನಿಂದ ಮಾತ್ರ ಹೋಗಲ್ಲ. ಒಬ್ಬರು ಮಾತು ಹೇಳಿ ಆಚೀಚೆ ತಿರುಗಿ ನೋಡಿದ್ರೆ, ಆ ಮಾತು ಕೇಳಿದವನ ಹತ್ರ ಅಮಾನತ್ತು, ಕಾಪಾಡಕ್ಕೆ ನಂಬಿ ಕೊಟ್ಟ ಒಡವೆ ಇದ್ದ ಹಾಗೆ, ಅಂತ ನಮ್ಮ ಪೈಗಂಬರರು ಹೇಳಿದ್ದಾರೆ. ನೀವು ನೋಡಿದ್ರಿ."

ತಸ್ನೀಮಳಿಗೆ ನಂಬಿಕೆ ಬರಲಿಲ್ಲ. ಜುಮ್ಮಾ ನಮಾಜಿನ ಪ್ರವಚನದಲ್ಲಿ ಕೇಳಿದ್ದನ್ನು ಒಪ್ಪಿಸುವುದು ಯಾರಿಗೆ ಬರುವುದಿಲ್ಲ? ಕೇಳಿ ಬರುವವರು ನೂರು ಮಂದಿ, ಮನೆವರೆಗೆ ಹೊತ್ತು ತರುವವರು ಯಾರು?

ಅಂದೇ ಸಂಜೆ ಗೌಸ್ ಪೀರ್ ಸಾಹೇಬರು ಫೋನ್ ಮಾಡಿಸಿದರು. ಕಾರಣ ಹೇಳದವನಿಗೆ ಮಗಳನ್ನು ಕೊಡುವುದಿಲ್ಲ, ಹೇಳಿದ ದಿನ ಯೋಚಿಸೋಣ ಎಂದು. ಆ ಕಡೆಯಿಂದ ಸಲಾಮ್ ಬಂತು, ಕಾರಣ ಬರಲಿಲ್ಲ.

'ಬಿಡು, ಒಳ್ಳೇದೇ ಆಯ್ತು,' ಎಂದುಕೊಂಡಳು ತಸ್ನೀಮ್. ಆದರೆ ಸ್ಟಾಫ್ ರೂಮಿನಲ್ಲಿ ಉತ್ತರ ಪತ್ರಿಕೆ ತಿದ್ದುವಾಗಲೂ ಆ ತಗ್ಗಿದ ದನಿ ಕಿವಿಯಲ್ಲಿತ್ತು. ತಡ ಮಾಡ್ಬೇಡಿ... ತನ್ನ ಕಣ್ಣಿನ ಬಗ್ಗೆ ಅಷ್ಟು ಕಾಳಜಿಯಿಂದ ಯಾರೂ ಮಾತಾಡಿರಲಿಲ್ಲ. ಮಾತಾಡಲು ಯಾರಿಗೂ ಗೊತ್ತೇ ಇರಲಿಲ್ಲವಲ್ಲ! ಇಷ್ಟು ಸಿಟ್ಟು ಬರಿಸಿದವನ ಮುಖ ಯಾಕೆ ಮರೆಯುತ್ತಿಲ್ಲ? ಕಾರಣ ಅವಳಿಗೆ ತಿಳಿದಿತ್ತು, ಒಪ್ಪಿಕೊಳ್ಳಲು ಮಾತ್ರ ಮನಸ್ಸಿರಲಿಲ್ಲ.

ಹಾಗಿರುವಾಗಲೇ ಒಂದು ಶುಕ್ರವಾರ ನೂರ್ ಖಾಲಾ ಏದುಸಿರು ಬಿಡುತ್ತಾ ಬಂದಳು.

"ಭಾಯ್, ಭದ್ರಾವತಿ ತುಂಬಾ ಒಂದೇ ಮಾತು! ಗಾಂಧಿ ಬಜಾರ್ ಬಳೆ ಅಂಗಡಿ ಗೌಸ್ ಪೀರ್ ಮಗಳಿಗೆ ಕಣ್ಣಿನ ಕಾಯಿಲೆಯಂತೆ!"

ತಸ್ನೀಮಳ ಕೈಯಲ್ಲಿದ್ದ ನೀರಿನ ಲೋಟ ಜಾರಿತು.

'ನನ್ನ ಬಿಟ್ರೆ ಗೊತ್ತಿದ್ದುದು ಒಬ್ಬನಿಗೆ ಮಾತ್ರ... ಅಮಾನತ್ತು ಅಂದಿದ್ದನಲ್ಲ! ಇದೇನಾ ಅಮಾನತ್ತು?'

"ಆ ಹುಡುಗನದೇ ಕೆಲಸ!" ಅಬ್ಬಾ ಗುಡುಗಿದರು. "ಹೆಣ್ಣು ಕೊಡಲಿಲ್ಲ ಅಂತ ಹೆಣ್ಣಿನ ಮೇಲೇ ಕೆಸರು ಎರಚ್ತಾನಾ? ನಾಳೆ ನಡೀರಿ ಭದ್ರಾವತಿಗೆ. ಎಲ್ಲರ ಮುಂದೆ ಅವನ ಬಾಯಲ್ಲೇ ಸುಳ್ಳು ಅನ್ನಿಸ್ತೀನಿ."

ಅಷ್ಟು ಹೊತ್ತಿಗಾದರೂ ಹೇಳಿಬಿಡಬಹುದಿತ್ತು. ಅಬ್ಬಾ, ಅದು ಸುಳ್ಳಲ್ಲ ಅಂತ. ಬಚ್ಚಲಮನೆಯ ನಲ್ಲಿಯ ಸದ್ದು ನೆನಪಾಯಿತು ನೋಡಿ, ತಸ್ನೀಮ್ ಚೆಲ್ಲಿದ ನೀರು ಒರೆಸಲು ಬಗ್ಗಿದಳು.

ಮರುದಿನ ಭದ್ರಾವತಿ ಬಸ್ಸಿನಲ್ಲಿ ಮೂವರೂ ಕೂತರು. ದಾರಿಯುದ್ದಕ್ಕೂ ನೂರ್ ಖಾಲಾ ತಸ್ಬೀಹ್ ಮಣಿ ಎಣಿಸುತ್ತಲೇ ಇದ್ದಳು. ಅಬ್ಬಾ ಕಿಟಕಿಯಾಚೆ ನೋಡುತ್ತಿದ್ದರು. ತಸ್ನೀಮಳಿಗೆ ಒಂದು ಕಡೆ ಸಿಟ್ಟು, ಇನ್ನೊಂದು ಕಡೆ ಭಯ. ತಿರುಗಿಬಿದ್ದು 'ನಿಮ್ಮ ಮಗಳೇ ಹೇಳಿದ್ಲು' ಅಂದುಬಿಟ್ಟರೆ ಅವನು? ಅನ್ನುತ್ತಾನೆ, ಅನ್ನದೆ ಏನು ಮಾಡುತ್ತಾನೆ?

ಅಂಗಡಿಯಲ್ಲಿ ನಾಲ್ಕೈದು ಗಿರಾಕಿಗಳಿದ್ದರು. ಪುಷ್ಪಮ್ಮ ಎಂಬ ಹಿರಿಯ ಹೆಂಗಸು ಹೊಸ ಕನ್ನಡಕ ಹಾಕಿಕೊಂಡು ಕನ್ನಡಿ ನೋಡುತ್ತಿದ್ದರು. ಒಳಗೋಡೆಯ ಮೇಲೆ ಕಣ್ಣು ಪರೀಕ್ಷೆಯ ಬೋರ್ಡು, ಅದರ ಮೇಲೆ ದೊಡ್ಡದರಿಂದ ಚಿಕ್ಕದಾಗುತ್ತಾ ಹೋಗುವ ಕನ್ನಡ ಅಕ್ಷರಗಳು.

"ಅಸ್ಸಲಾಮು ಅಲೈಕುಮ್ ಚಾಚಾ. ಬನ್ನಿ, ಕೂತ್ಕೊಳ್ಳಿ."

"ಕೂರಕ್ಕೆ ಬಂದಿಲ್ಲ! ನನ್ನ ಮಗಳಿಗೆ ಕಣ್ಣು ಸರಿ ಇಲ್ಲ ಅಂತ ಊರಲ್ಲೆಲ್ಲ ಹೇಳ್ಕೊಂಡು ತಿರುಗ್ತಿದ್ದೀಯಾ?"

ಇದ್ರೀಸನ ಮುಖ ಬಿಳಿಚಿತು. "ಇಲ್ಲ ಚಾಚಾ. ನಾನು ಯಾರಿಗೂ ಏನೂ ಹೇಳಿಲ್ಲ."

"ಹಾಗಾದ್ರೆ ಯಾರು ಹೇಳಿದ್ರು? ಹೆಸರು ಹೇಳು!"

ಆಗ ಅವನ ಕಣ್ಣು ಒಂದು ಕ್ಷಣ, ಒಂದೇ ಕ್ಷಣ, ನೂರ್ ಖಾಲಾಳ ಕಡೆ ಹೋಯಿತು. ಮರುಕ್ಷಣ ನೆಲ ನೋಡಿದ.

ಯಾರೂ ಗಮನಿಸಲಿಲ್ಲ. ತಸ್ನೀಮಳ ಎಡಗಣ್ಣು ಮಾತ್ರ ಚೆನ್ನಾಗಿಯೇ ಇತ್ತಲ್ಲ, ಅದು ಗಮನಿಸಿತು. ಖಾಲಾಳ ತಸ್ಬೀಹ್ ಮಣಿ ನಿಂತುಬಿಟ್ಟಿತ್ತು. ಚಹಾ... ದುಪಟ್ಟಾ... ನೋಡ್ಕೊಂಡು ಇಡಬಾರ್ದೇನೇ...

'ಯಾ ಅಲ್ಲಾ! ಖಾಲಾ ಕೆಲಸ ಅಂತ ಇವರಿಗೆ ಗೊತ್ತಿದೆ. ಗೊತ್ತಿದ್ದೂ ಹೇಳ್ತಿಲ್ಲ!'

"ಹೆಸರು ಹೇಳಲ್ಲ ಚಾಚಾ. ಯಾರೋ ತಿಳೀದೆ ಅಂದಿರ್ತಾರೆ."

"ಸರಿ! ಅದೂ ಬೇಡ. ಗೌಸ್ ಪೀರ್ ಮಗಳ ಕಣ್ಣು ಚೆನ್ನಾಗಿದೆ, ಆ ಮಾತು ಸುಳ್ಳು ಅಂತ ಇವರೆಲ್ಲರ ಮುಂದೆ ಹೇಳು. ಕಣ್ಣು ನೋಡೋನು ನೀನೇ ಹೇಳಿದ್ರೆ ಊರು ನಂಬುತ್ತೆ. ಅಷ್ಟು ಹೇಳು, ನಾನು ಹೋಗ್ತೀನಿ."

ಗಿರಾಕಿಗಳೆಲ್ಲ ಇದ್ರೀಸನ ಕಡೆ ತಿರುಗಿದರು.

ಎಂಥ ಇಕ್ಕಟ್ಟು ನೋಡಿ! ಕಣ್ಣು ಚೆನ್ನಾಗಿದೆ ಅಂದರೆ ಸುಳ್ಳು. ಇಲ್ಲ ಅಂದರೆ ಅವಳು ನಂಬಿ ಹೇಳಿದ ಮಾತಿಗೆ ದ್ರೋಹ. ನಿಮ್ಮ ಮಗಳನ್ನೇ ಕೇಳಿ ಅಂದರೆ ಅವನು ಆ ಕ್ಷಣವೇ ಬಚಾವ್. ಮೂರನೆಯದು ಎಷ್ಟು ಸುಲಭವಿತ್ತು!

ಅವನು ತಸ್ನೀಮಳ ಕಡೆ ತಿರುಗಿ ಕೂಡ ನೋಡಲಿಲ್ಲ. ನೋಡಿದರೆ ಎಲ್ಲಿ ಅಬ್ಬಾಗೆ ಅನುಮಾನ ಬರುತ್ತದೋ ಎಂದು ನೋಡಲಿಲ್ಲ.

"ನನ್ನನ್ನ ಕೇಳ್ಬೇಡಿ ಚಾಚಾ. ನಾನು ಹೇಳಲ್ಲ. ನನ್ನಿಂದ ನಿಮಗೆ ನೋವಾಗಿದ್ರೆ ಮಾಫ್ ಮಾಡಿ."

"ಸುಳ್ಳುಗಾರ!" ಸಾಹೇಬರ ಕೈ ಅವನ ಕಾಲರ್ ಹಿಡಿಯಿತು. "ಅದಕ್ಕೇ ನಿನಗೆ ಹೆಣ್ಣು ಕೊಡ್ತೀವಿ ಅಂದೋರು ಬಿಟ್ಟು ಹೋದ್ರು! ಒಂದು ಹೆಣ್ಣಿನ ಬಾಳು ಹಾಳು ಮಾಡಿದ್ದು ಸಾಲಲಿಲ್ವಾ?"

ಅವನು ಕಾಲರ್ ಬಿಡಿಸಿಕೊಳ್ಳಲಿಲ್ಲ.

ಪುಷ್ಪಮ್ಮ ಕನ್ನಡಕ ತೆಗೆದರು. "ಅಯ್ಯೋ ಬಿಡ್ರೀ ಮಾರಾಯ್ರೇ! ನನ್ನ ಸೊಸೆ ಬಗ್ಗೆ ಇವನ ಹತ್ರ ವರ್ಷಗಟ್ಟಲೆ ಗೊಣಗಿದ್ದೀನಿ. ಒಂದು ಮಾತೂ ಅವಳ ಕಿವಿಗೆ ಹೋಗಿಲ್ಲ. ಇವನಾ ಊರೆಲ್ಲ ಹೇಳ್ಕೊಂಡು ತಿರುಗೋನು?"

"ಅಬ್ಬಾ, ಕೈ ಬಿಡಿ!"

ಆ ದನಿ ತನ್ನದೇ ಎಂದು ತಸ್ನೀಮಳಿಗೆ ಗೊತ್ತಾದದ್ದು ಎಲ್ಲರೂ ತಿರುಗಿ ನೋಡಿದಾಗ. ಅವಳು ನೇರ ಹೋಗಿ ಪರೀಕ್ಷೆಯ ಕುರ್ಚಿಯಲ್ಲಿ ಕೂತಳು. ಅಂಗೈಯಿಂದ ಎಡಗಣ್ಣು ಮುಚ್ಚಿದಳು.

"ಬೇಡ," ಎಂದ ಇದ್ರೀಸ್. ಮೊದಲ ಸಲ ಅವನ ದನಿ ಒಡೆಯಿತು. "ಇಲ್ಲಿ ಬೇಡ. ಮನೇಲಿ ಹೇಳಿ."

"ನನ್ನ ಅಮಾನತ್ತು ನಾನು ವಾಪಸ್ ತಗೊಳ್ತಿದ್ದೀನಿ." ಅವಳು ಬೋರ್ಡಿನ ಕಡೆ ನೋಡಿದಳು. "ಮೊದಲನೇ ಸಾಲು... 'ಮ' ಇರ್ಬೇಕು. ಎರಡನೇ ಸಾಲು..."

ಎರಡನೇ ಸಾಲು ಬರಲಿಲ್ಲ. ಅಕ್ಷರಗಳಿಗೆ ನೆರಳು ಬೆಳೆದು, ಒಂದರ ಮೇಲೊಂದು ಬಿದ್ದಿದ್ದವು. ಮುಚ್ಚಿದ ಕಣ್ಣಿಂದಲೂ ತೆರೆದ ಕಣ್ಣಿಂದಲೂ ನೀರು ಇಳಿಯಿತು.

"ಕಾಣಲ್ಲ ಅಬ್ಬಾ. ಒಂದು ವರ್ಷದಿಂದ ಕಾಣಲ್ಲ. ನೀವು ಅಳ್ತೀರಿ ಅಂತ ಹೇಳಲಿಲ್ಲ. ಇವರಿಗೆ ನಾನೇ ಹೇಳಿದ್ದು, ಇವರು ಯಾರಿಗೂ ಹೇಳಲಿಲ್ಲ."

ಗೌಸ್ ಪೀರ್ ಸಾಹೇಬರ ಕೈ ಕಾಲರಿನಿಂದ ತಾನಾಗಿಯೇ ಜಾರಿತು.

"ನಾನೇ... ನಾನೇ ಭಾಯ್!" ನೂರ್ ಖಾಲಾ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು. "ಚಹಾ ಚೆಲ್ಲಿದ್ದು ನೋಡಿ, ಹುಡುಗಿಗೆ ಕಣ್ಣು ಮಂಜೋ ಏನೋ ಅಂತ ಇವನ ತಾಯಿ ಹತ್ರ ಒಂದು ಮಾತು ಅಂದೆ. ಆಮೇಲೆ ಇನ್ನೊಂದು ಕಡೆ... ಅದು ಇಷ್ಟು ದೊಡ್ಡದಾಗುತ್ತೆ ಅಂತ ಗೊತ್ತಿರಲಿಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಖಾಲಾಗೆ ಗಾದೆ ಗೊತ್ತಿತ್ತು, ಪಾಠ ಅವತ್ತು ಆಯಿತು.

ಸಾಹೇಬರು ಮಗಳ ಕುರ್ಚಿಯ ಪಕ್ಕ ಕುಸಿದು ಕೂತರು. ಅವರು ಅತ್ತರು, ಈ ಸಲ ನಲ್ಲಿ ಬಿಡದೆ, ಎಲ್ಲರೆದುರಿಗೇ. ಮಗಳ ಅಂಗೈಯನ್ನು ಅವಳ ಕಣ್ಣಿನಿಂದ ಮೆಲ್ಲಗೆ ತೆಗೆದರು.

"ನನ್ನ ಅಳು ನೋಡಕ್ಕಾಗದೆ ನಿನ್ನ ಕಣ್ಣು ಕಳ್ಕೊಳ್ತಿದ್ದೆಯಾ ಬೇಟಿ? ಹುಚ್ಚಿ!"

"ಕಳ್ಕೊಳ್ಳಲ್ಲ ಚಾಚಾ," ಇದ್ರೀಸ್ ನೀರಿನ ಲೋಟ ಹಿಡಿದು ಬಂದಿದ್ದ. ಕಾಲರ್ ಇನ್ನೂ ಸೊಟ್ಟಗೇ ಇತ್ತು. "ಬೇಗ ಚಿಕಿತ್ಸೆ ಮಾಡಿಸಿದ್ರೆ ಇಲ್ಲಿಗೇ ನಿಲ್ಲುತ್ತೆ. ಆಮೇಲೆ ಲೆನ್ಸ್ ಹಾಕ್ಕೊಂಡು ಓದಬಹುದು. ನೀರು ಕುಡೀರಿ."

"ನಿನ್ನ ಹತ್ರ ಯಾವ ಮುಖ ಇಟ್ಕೊಂಡು ಮಾಫಿ ಕೇಳಲಿ?"

"ಆಗ್ಲೇ ಮಾಫ್ ಆಯ್ತು ಚಾಚಾ."

ಸಾಹೇಬರು ಕಣ್ಣೊರೆಸಿಕೊಂಡು ಅವನನ್ನೇ ನೋಡಿದರು. "ಇಷ್ಟು ಒಳ್ಳೆ ಹುಡುಗ ನೀನು... ಆ ಮೊದಲ ಸಂಬಂಧದ್ದೂ ಇನ್ನಾದ್ರೂ ಹೇಳಿಬಿಡಪ್ಪ. ನನಗೂ ನಿಶ್ಚಿಂತೆ..."

ಇದ್ರೀಸ್ ತಲೆ ತಗ್ಗಿಸಿದ. ಮತ್ತೆ ಅದೇ ಗೋಡೆ!

"ಕೇಳ್ಬೇಡಿ ಅಬ್ಬಾ." ತಸ್ನೀಮ್ ಎದ್ದು ನಿಂತಳು. "ಆ ಹುಡುಗಿನೂ ಯಾವತ್ತೋ ಇವರ ಹತ್ರ ಮಾತಾಡಿ ಆಚೀಚೆ ನೋಡಿರ್ಬೇಕು. ಇವತ್ತು ನನ್ನದನ್ನ ಕಾಪಾಡಿದೋರು ಅವಳದನ್ನ ಯಾಕೆ ಕೊಡ್ಬೇಕು? ನನಗೆ ಆ ಕಾರಣ ಬೇಡ. ಯಾವತ್ತೂ ಕೇಳಲ್ಲ."

ಇದ್ರೀಸ್ ತಲೆಯೆತ್ತಿದ. ಒಂದು ವರ್ಷ ಊರವರ ಮಾತಿಗೆ ತೇವವಾಗದ ಕಣ್ಣು ಈಗ ತುಂಬಿಕೊಂಡಿತ್ತು.

ಪುಷ್ಪಮ್ಮ ಜಾಣೆ. "ಬನ್ರೀ ಸಾಹೇಬ್ರೇ, ಎದುರುಗಡೆ ಕಾಫಿ ಚೆನ್ನಾಗಿ ಮಾಡ್ತಾರೆ," ಎನ್ನುತ್ತಾ ಅಬ್ಬಾನನ್ನೂ ಖಾಲಾಳನ್ನೂ ಉಳಿದ ಗಿರಾಕಿಗಳನ್ನೂ ಹೊರಡಿಸಿದರು. ಅಬ್ಬಾ ಮೆಟ್ಟಿಲ ಮೇಲೇ ನಿಂತರು, ಬೆನ್ನು ತಿರುಗಿಸಿ. ಬಾಗಿಲು ತೆರೆದೇ ಇತ್ತು.

"ನಾನು ನಿಮ್ಮನ್ನ ಅನುಮಾನಿಸಿದೆ," ತಸ್ನೀಮ್ ಪಿಸುಗುಟ್ಟಿದಳು. "ರಾತ್ರಿಯೆಲ್ಲ ಬೈದೆ."

"ಕೇಳಿಸಲಿಲ್ಲ ಬಿಡಿ."

"ಇನ್ನೊಂದು ಮಾತಿದೆ..." ದುಪಟ್ಟಾದ ಅಂಚು ಬೆರಳಿಗೆ ಸುತ್ತಿಕೊಂಡಳು. "ಅವತ್ತು ತಡ ಮಾಡ್ಬೇಡಿ ಅಂದ್ರಲ್ಲ. ಆವತ್ತಿಂದಾನೇ... ನೀವು ನನಗೆ ಇಷ್ಟ."

ಹೇಳಿದವಳೇ ನಾಚಿಕೆಯಿಂದ ಒಮ್ಮೆ ಬಾಗಿಲ ಕಡೆ, ಒಮ್ಮೆ ಗೋಡೆಯ ಕಡೆ ತಿರುಗಿ ನೋಡಿದಳು.

ಇದ್ರೀಸ್ ನಕ್ಕ. ಅವನು ನಗುವುದನ್ನು ಅವಳು ನೋಡಿದ್ದು ಅದೇ ಮೊದಲು.

"ಆಚೀಚೆ ನೋಡಿದ್ರಿ... ಇದೂ ಅಮಾನತ್ತಾ? ಇದನ್ನೂ ಬಚ್ಚಿಟ್ಕೋಬೇಕಾ?"

ತಸ್ನೀಮ್ ಮೆಟ್ಟಿಲ ಮೇಲೆ ನಿಂತ ಬೆನ್ನನ್ನು ನೋಡಿದಳು.

"ಬೇಡ. ಇದೊಂದನ್ನ... ಅಬ್ಬಾಗೆ ಹೇಳಿಬಿಡಿ."