ತಾನಾಗಿ ಇಳಿಯುವ ಸಂಜೆ

"ಇವೆರಡನ್ನೂ ಕೊಡಿ," ಎಂದು ಅವನು ಗಾಜಿನ ಮೇಲೆ ಬೆರಳಿಟ್ಟ.

ನೀಲಿ ಮೈಮೇಲೆ ಕಿತ್ತಳೆ ಬಣ್ಣದ ಸುಳಿಗಳಿದ್ದ ಎರಡು ಮ್ಯಾಂಡರಿನ್ ಮೀನುಗಳು, ಅಕ್ಕಪಕ್ಕದ ಗೂಡುಗಳಲ್ಲಿ. ಅಂಗಡಿಯವಳು ಬಲೆಯನ್ನು ಮುಟ್ಟಲಿಲ್ಲ.

"ಕೊಡಲ್ಲ."

"ಮಾರೋಕೆ ತಾನೆ ಇಟ್ಟಿರೋದು?"

"ಸಾಯಿಸೋಕಲ್ಲ. ಬೆನ್ನ ಮೇಲೆ ಉದ್ದ ಮುಳ್ಳು ಕಾಣ್ತಿದೆಯಲ್ಲ? ಎರಡೂ ಗಂಡು. ಜೊತೆಗೆ ಬಿಟ್ಟರೆ ಕಚ್ಚಾಡಿ ಒಂದೇ ಉಳಿಯುತ್ತೆ. ನಿಮ್ಮ ಟ್ಯಾಂಕ್ ಎಷ್ಟು ಹಳೇದು?"

"ಹೊಚ್ಚಹೊಸದು. ಕಲ್ಲೆಲ್ಲ ಉಜ್ಜಿ ಫಳಫಳ ಅನ್ನಿಸಿದ್ದೀನಿ."

"ಹಾಗಾದರೆ ಆ ಒಂದೂ ಉಳಿಯಲ್ಲ."

ಉಪ್ಪುನೀರಿನ ಹಳೆಯ ಕಲ್ಲುಗಳಲ್ಲಿ ಹುಟ್ಟುವ, ಕಣ್ಣಿಗೆ ಕಂಡೂ ಕಾಣದ ಹುಳುಗಳೇ ಈ ಮೀನಿನ ಆಹಾರ. ಡಬ್ಬಿಯ ತಿಂಡಿಯನ್ನು ಅದು ಮೂಸಿಯೂ ನೋಡುವುದಿಲ್ಲ. ಇಷ್ಟನ್ನು ವಿವರಿಸಿ ಅವಳು ಕಡೆಗೆ ಹೇಳಿದಳು: "ಒಂದಕ್ಕೆ ಸಾಲುವಷ್ಟು ಊಟ ಇರೋ ಕಡೆ ಎರಡನ್ನು ಬಿಟ್ಟರೆ ಅರ್ಧರ್ಧ ಬದುಕಲ್ಲ. ಎರಡೂ ಸಾಯುತ್ತವೆ."

ಅವನು ನಾಟಕಮಂದಿರದಲ್ಲಿ ದೀಪ ನಡೆಸುವವನು. ಜನ ಅವನ ಬೆಳಕನ್ನು ನೋಡುತ್ತಿದ್ದರೇ ಹೊರತು ಅವನನ್ನು ನೋಡುತ್ತಿರಲಿಲ್ಲ. ಈಗ ಒಬ್ಬಳು ಮುಖಕ್ಕೆ ಮುಖ ಕೊಟ್ಟು ಬೈದಿದ್ದಳು. ಅದು ಅವನಿಗೆ ಹಿತವೆನಿಸಿತು.

ಅವಳ ಅಂಗಡಿಯಿಂದಲೇ ಹಳೆಯ ಕಲ್ಲುಗಳು ಬಂದವು. ಕಲ್ಲು ಮಾಗಿ ಹುಳು ತುಂಬುವವರೆಗೆ ಅವನು ಕಾದ. ಕಾಯುವ ನೆಪದಲ್ಲಿ ಬೆಳಗಿನ ಹೊತ್ತು ಅಂಗಡಿಗೆ ಹೋಗಿ ನಿಂತ. ಒಂದು ದಿನ ಅವಳು ಅವನ ಮನೆಯ ಮೆಟ್ಟಿಲು ಹತ್ತಿ ಬಂದು, ಟಾರ್ಚ್ ಹಿಡಿದು ಗಾಜಿನೊಳಗೆ ಬಹಳ ಹೊತ್ತು ನೋಡಿದಳು.

"ಹುಳು ಓಡಾಡ್ತಿವೆ. ಎರಡು ಮೀನಿಗೂ ಸಾಕು," ಎಂದಳು. ಮರುದಿನ ಒಂದು ಗಂಡು, ಒಂದು ಹೆಣ್ಣು ಬಂದವು.

ಮೀನುಗಳು ಮೈತುಂಬಿಕೊಂಡವು. ಆದರೆ ಒಂದು ಈ ಮೂಲೆಯಲ್ಲಿ, ಇನ್ನೊಂದು ಆ ಮೂಲೆಯಲ್ಲಿ.

"ಲೈಟ್ ಹೇಗೆ ಆರಿಸ್ತೀರಿ?" ಎಂದು ಅವಳು ವಿಚಾರಿಸಿದಳು.

"ಕೆಲಸಕ್ಕೆ ಹೊರಡುವಾಗ ಟಪ್ ಅಂತ."

"ಏನ್ರೀ ದೀಪದವರೇ! ಊರಿಗೆಲ್ಲ ಚಂದದ ಸಂಜೆ ಮಾಡಿ ತೋರಿಸ್ತೀರಿ, ಮನೇಲಿರೋ ಮೀನಿಗೆ ಟಪ್ ಅಂತೀರಾ? ಅವು ಜೊತೆಯಾಗೋದು ಮುಸ್ಸಂಜೆಯಲ್ಲಿ ಮಾತ್ರ."

ಅವನ ಕಿವಿ ಕೆಂಪಾಯಿತು. ಬೆಳಕನ್ನು ಮೆಲ್ಲಗೆ ತಗ್ಗಿಸುವ ಹಳೆಯ ತಿರುಗುಗುಂಡಿಯೊಂದನ್ನು ನಾಟಕಮಂದಿರದಿಂದ ತಂದು ಜೋಡಿಸಿದ. ಆದರೆ ಸಂಜೆಯಾದರೆ ಅವನು ಮನೆಯಲ್ಲಿರುವುದಿಲ್ಲ.

"ಕೀಲಿ ಕೊಡಿ," ಎಂದಳು ಅವಳು. "ಸಂಜೆ ಅಂಗಡೀಲಿ ನಮ್ಮ ಸೋದರಮಾವ ಕೂತಿರ್ತಾರೆ."

ಅಂದಿನಿಂದ ಮೀನುಗಳ ಸಂಜೆ ಅವಳ ಕೈಯಲ್ಲಿತ್ತು. ಅದರ ವರದಿ ಬೆಳಗ್ಗೆ ಅವನಿಗೆ ಸಿಗುತ್ತಿತ್ತು.

"ನಿನ್ನೆ ಮೇಲೆದ್ದವು ಕಣ್ರೀ! ಮೈಗೆ ಮೈ ತಾಗಿಸಿ, ನೀರಿನ ತುದಿವರೆಗೂ."

"ಆಮೇಲೆ?"

"ಆಮೇಲೆ ಏನಂತ ನನ್ನ ಬಾಯಲ್ಲೇ ಹೇಳಿಸಬೇಕಾ? ಒಂದು ಸಂಜೆ ರಜ ಹಾಕಿ ನೋಡಿ."

"ಈ ನಾಟಕ ಒಂದು ಮುಗೀಲಿ."

ಆ ನಾಟಕ ಮುಗಿಯಿತು, ಇನ್ನೊಂದು ತೊಡಗಿತು. ಅವನು ಮನೆಗೆ ಮರಳಿದಾಗಲೆಲ್ಲ ಮೀನಿನ ತೊಟ್ಟಿಯ ಮುಂದೆ ಎರಡು ಕುರ್ಚಿಗಳಿರುತ್ತಿದ್ದವು. ಒಂದು ಅವಳಿಗೆ, ಇನ್ನೊಂದು ಅವಳ ಚೀಲಕ್ಕೆ ಎಂದು ಅವನು ಭಾವಿಸಿದ. ಅವನ್ನು ಗೋಡೆಗೆ ಒರಗಿಸಿಟ್ಟು ಮಲಗುತ್ತಿದ್ದ.

ಒಂದು ಬೆಳಗ್ಗೆ ಅವಳ ಅಂಗೈಗೆ ಬಟ್ಟೆ ಸುತ್ತಿತ್ತು. ಗಾಜು ಕೊಯ್ದಿತ್ತಂತೆ. "ಈ ಕೈಯಲ್ಲಿ ಬಕೆಟ್ ಹೊತ್ತು, ನಿಮ್ಮ ಮೆಟ್ಟಿಲು ಬೇರೆ ಹತ್ತಿ, ಸಾಕಾಗಿ ಹೋಯ್ತಪ್ಪ," ಎಂದು ನಕ್ಕಳು. ಅವನು ನಗುವನ್ನು ಬಿಟ್ಟು ಮಾತನ್ನಷ್ಟೇ ಮನಸ್ಸಿಗೆ ತೆಗೆದುಕೊಂಡ.

ಹೊತ್ತಾದೊಡನೆ ತಾನಾಗಿ ಬೆಳಕನ್ನು ತಗ್ಗಿಸುವ ಯಂತ್ರವೊಂದನ್ನು ಅವನು ತನ್ನ ಕೈಯಾರೆ ಮಾಡಿದ. ಬಿಳುಪು ಹಳದಿಯಾಗಿ, ಹಳದಿ ಕೆಂಪಾಗಿ, ಕೆಂಪು ನೀಲಿಯಾಗಿ ಕತ್ತಲೆಗೆ ಇಳಿಯುತ್ತಿತ್ತು. ಯಾವ ರಾಣಿಯ ಪಾತ್ರಕ್ಕೂ ಅವನು ಅಂಥ ಸಂಜೆಯನ್ನು ಮಾಡಿಕೊಟ್ಟಿರಲಿಲ್ಲ. ಒಂದು ಬೆಳಗ್ಗೆ ಅವಳನ್ನು ಕರೆಸಿ, ಯಂತ್ರ ನಡೆಸಿ ತೋರಿಸಿದ.

"ಇನ್ನು ನೀವು ದಿನಾ ಬರಬೇಕಾಗಿಲ್ಲ," ಎಂದ, ಹಿಗ್ಗಿನಿಂದ.

ಬೆಳಕು ಪೂರ್ತಿ ಇಳಿಯುವವರೆಗೆ ಅವಳು ನೋಡುತ್ತ ನಿಂತಳು.

"ಚೆನ್ನಾಗಿದೆ. ನನಗಿಂತ ನಯವಾಗಿ ಇಳಿಸುತ್ತೆ," ಎಂದು ಕೀಲಿಯನ್ನು ಮೇಜಿನ ಮೇಲಿಟ್ಟು ಹೋದಳು. ಅವನು ಅದನ್ನು ಹೊಗಳಿಕೆಯೆಂದೇ ತಿಳಿದ.

ಮುಂದಿನ ದಿನಗಳಲ್ಲಿ ಕುರ್ಚಿಗಳು ಗೋಡೆಗೆ ಒರಗಿದಲ್ಲೇ ಇದ್ದವು. ಅಂಗಡಿಯಲ್ಲಿ ಅವಳು ಮೀನಿನ ಸುದ್ದಿ ಎತ್ತಲಿಲ್ಲ. "ಎಲ್ಲ ಯಂತ್ರ ನೋಡ್ಕೊಳ್ಳುತ್ತಲ್ಲ" ಎಂದಷ್ಟೇ ಅಂದಳು. ಖಾಲಿ ಕೋಣೆಯಲ್ಲಿ ತಾನಾಗಿ ಬಂದು ಹೋಗುತ್ತಿದ್ದ ಆ ಸಂಜೆಗೆ ಏನು ಕೊರತೆಯೆಂಬುದು ಅವನಿಗೆ ಹೊಳೆಯುವಷ್ಟರಲ್ಲಿ ತಡವಾಗಿತ್ತು. ಯಂತ್ರದ ತಂತಿಯನ್ನು ಕಿತ್ತು, ಮೊದಲ ಬಾರಿಗೆ ರಜ ಹಾಕಿ, ಅಂಗಡಿಗೆ ಓಡಿದ. ಗಾಜಿನ ಗೂಡುಗಳನ್ನು ಸಾಗಿಸಲೆಂದು ಹುಲ್ಲಿನಲ್ಲಿ ಸುತ್ತಿ ಸಾಲಾಗಿ ಇಟ್ಟಿದ್ದರು.

"ಯಂತ್ರ ಕೆಟ್ಟಿದೆ," ಎಂದ, ಬೇರೇನೂ ತೋಚದೆ.

ಸಂಜೆ ಅವಳು ಬಂದಳು. ತೊಟ್ಟಿಯ ಹಿಂದೆ ಬಗ್ಗಿ ನೋಡಿದಳು.

"ಕೆಟ್ಟಿಲ್ಲ. ಕಿತ್ತಿದ್ದೀರಿ."

ಅವನು ತಲೆ ತಗ್ಗಿಸಿದ.

"ಮಾವ ಅಂಗಡೀನ ಸಮುದ್ರದ ಕಡೆಗೆ ಸಾಗಿಸ್ತಿದ್ದಾರೆ. ಬರ್ತೀಯಾ, ಇಲ್ಲೇ ಅಂಗಡಿ ನಡೆಸ್ತೀಯಾ ಅಂತ ಬಹಳ ದಿನದಿಂದ ಕೇಳ್ತಿದ್ದರು. ನಾನು ಉತ್ತರ ಕೊಟ್ಟಿರಲಿಲ್ಲ."

"ಯಾವಾಗ ಕೊಟ್ಟಿರಿ?"

"ಕೀಲಿ ಇಟ್ಟು ಹೋದ ದಿನ."

"ನಿಮಗೆ ಬಿಡುವಾಗಲಿ ಅಂತ ಮಾಡಿದ್ದು ಅದು."

"ಬಿಡುವು ಬೇಕು ಅಂತ ನಾನು ಕೇಳಿದ್ದೆನಾ?"

"ಹೋಗಬೇಡಿ," ಎಂದ ಅವನು. "ನೀವಿಲ್ಲದ ಸಂಜೆ ನನಗೆ ಬೇಡ."

ಅವಳು ತೊಟ್ಟಿಯತ್ತ ತಿರುಗಿದಳು. "ಈ ಮಾತು ಮೊದಲೇ ಬಂದಿದ್ದರೆ ಕುಣಿದುಬಿಡ್ತಿದ್ದೆ. ಈಗ ಇಲ್ಲಿನ ಅಂಗಡಿ ಬೇರೆಯವರದಾಯ್ತು. ಮಾವನ ಸೊಂಟ ಹೋಗಿದೆ, ಒಂದು ಬಕೆಟ್ ಎತ್ತಲಾರರು. ನನ್ನನ್ನ ನಂಬಿ ಹೊರಟಿದ್ದಾರೆ. ಬೆಳಗ್ಗೆ ಲಾರಿ ಬರುತ್ತೆ."

ಅವಳೇ ಎರಡು ಕುರ್ಚಿಗಳನ್ನು ಎಳೆದು ಹಾಕಿದಳು.

"ಕೂತ್ಕೊಳ್ಳಿ. ದಿನಾ ನಿಮಗೆ ಅಂತಲೇ ಹಾಕ್ತಿದ್ದೆ."

"ನಾನು ನಿಮ್ಮ ಚೀಲಕ್ಕೆ ಅಂದುಕೊಂಡಿದ್ದೆ."

"ನನ್ನ ಚೀಲಕ್ಕೇನು ಕಾಲು ನೋಯುತ್ತಾ?" ಎಂದು ನಕ್ಕಳು. ಆ ನಗು ಅರ್ಧಕ್ಕೇ ನಿಂತಿತು. "ಇವತ್ತು ನೀವು ಇಳಿಸಿ."

ಅವನು ಹಳೆಯ ತಿರುಗುಗುಂಡಿಯನ್ನು ಹಿಡಿದ. ಕೋಣೆಯಲ್ಲಿ ಬೇರೆ ದೀಪವಿರಲಿಲ್ಲ. ತೊಟ್ಟಿಯ ಬೆಳಕೇ ಅವಳ ಮುಖದ ಮೇಲೂ ಇತ್ತು. ತಿರುಗಿಸಿದಷ್ಟೂ ಆ ಮುಖ ಹಿಂದೆ ಸರಿಯುತ್ತಿತ್ತು. ಅವನ ಕೈ ನಿಂತಿತು.

"ನಿಲ್ಲಿಸಬೇಡಿ," ಎಂದು ಅವಳು ಗಾಜಿನಿಂದ ಕಣ್ಣು ತೆಗೆಯದೆ ಪಿಸುಗುಟ್ಟಿದಳು. "ಹತ್ತಿರ ಬಂದಿವೆ. ಕತ್ತಲಾಗದಿದ್ದರೆ ಮೇಲೇಳಲ್ಲ."

ಅವನು ತಿರುಗಿಸಿದ. ಮೊದಲು ಅವಳ ಹಣೆ ಹೋಯಿತು, ಆಮೇಲೆ ಕೆನ್ನೆ. ಕಡೆಗೆ, ಒದ್ದೆಯಾಗಿದ್ದ ಕಣ್ಣುಗಳ ಹೊಳಪು.

"ನೋಡಿದಿರಾ?" ಎಂದಳು ಕತ್ತಲಲ್ಲಿ.

ಅವನು ಮೀನುಗಳತ್ತ ತಿರುಗಿರಲೇ ಇಲ್ಲ.

"ನೋಡಿದೆ," ಎಂದ.