ಯಮನಿಗೆ ಕೈ ಬರಲಿಲ್ಲ

"ನನ್ನ ಕೆಲಸ ಸಾಯಿಸಿದ್ದು ಯಾರು?"

ಅವಳ ಕೂಗಿಗೆ ಕಂಪ್ಯೂಟರ್ ಲ್ಯಾಬಿನಲ್ಲಿ ಕೀಬೋರ್ಡುಗಳ ಸದ್ದೆಲ್ಲ ಒಮ್ಮೆಲೇ ನಿಂತುಹೋಯಿತು. ಮೂಲೆಯ ಮೇಜಿನ ಹಿಂದೆ ಕುಳಿತಿದ್ದವನು ಮಾತ್ರ ತಲೆ ಎತ್ತಲಿಲ್ಲ.

"ನಾನೇ," ಎಂದ.

"ಮಧ್ಯಾಹ್ನದಿಂದ ಕೂತು ಮಾಡಿದ್ದು ರೀ! ಅಮ್ಮನ ಫೋನ್ ಬಂತು ಅಂತ ಒಂದ್ನಿಮಿಷ ಹೊರಗೆ ಹೋದೆ, ಅಷ್ಟಕ್ಕೇ..."

"ಒಂದ್ನಿಮಿಷ ಅಲ್ಲ, ಅರ್ಧ ಗಂಟೆ. ಡೇಟಾಬೇಸಿನ ಟೇಬಲ್ ಲಾಕ್ ಮಾಡಿಟ್ಟು, ಸೇವ್ ಮಾಡದೆ ಎದ್ದು ಹೋಗಿದ್ರಿ. ಇಷ್ಟೂ ಜನರ ಸ್ಕ್ರೀನ್ ನಿಂತುಹೋಗಿತ್ತು." ಈಗ ತಲೆ ಎತ್ತಿದ. "ಎಲ್ಲರಿಗೂ ಇರೋದು ಒಂದೇ ಬಾವಿ. ನೀವು ಕೊಡ ಇಳಿಬಿಟ್ಟು ಹಾಗೇ ಹೋದ್ರೆ ಮಿಕ್ಕವರು ನೀರು ಸೇದೋದು ಹೇಗೆ ಹೇಳಿ?"

ಅವಳಿಗೆ ಇನ್ನೂ ನಾಲ್ಕು ಮಾತು ಆಡಬೇಕೆನಿಸಿತು. ಆದರೆ ಜಗಳ ಆಡಲಿಕ್ಕೂ ಮೈಯಲ್ಲಿ ತ್ರಾಣ ಬೇಕಲ್ಲ! ಬೆಳಗಿನ ಜಾವ ಎದ್ದು ಉಸಿರಾಟದ ತೊಂದರೆಯ ಅಮ್ಮನಿಗೆ ಔಷಧಿ ಕೊಟ್ಟು, ಔಷಧಿ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿಟ್ಟು, ಬಸ್ಸಿನಲ್ಲಿ ನಿಂತೇ ಬನ್ನು ತಿಂದು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತುವ ಹೊತ್ತಿಗೆ ಅವಳ ಜೀವ ಹೈರಾಣಾಗಿರುತ್ತಿತ್ತು. ಸುಮ್ಮನೆ ಹೋಗಿ ತನ್ನ ಜಾಗದಲ್ಲಿ ಕುಳಿತಳು.

ತರಗತಿಯಲ್ಲಿ ಎಲ್ಲರಿಗಿಂತ ದೊಡ್ಡವಳು ಅವಳೇ. ಹುಡುಗರು ಪ್ರೀತಿಯಿಂದ ಗೋದಾಮಕ್ಕ ಎನ್ನುತ್ತಿದ್ದರು. ಅಡ್ವಾನ್ಸ್ಡ್ ಡೇಟಾಬೇಸ್ ಎಂಬ ಈ ಒಂದು ವಿಷಯದಲ್ಲಿ ಹೋದ ವರ್ಷ ನಪಾಸಾಗಿದ್ದಳು. ಇದು ಕೊನೆಯ ಅವಕಾಶ. ಪಾಸಾದರೆ ಗೋದಾಮಿನ ಕಂಪ್ಯೂಟರ್ ವಿಭಾಗದಲ್ಲಿ ಕುರ್ಚಿ, ಇಲ್ಲದಿದ್ದರೆ ಬದುಕೆಲ್ಲ ಅದೇ ಪೆಟ್ಟಿಗೆ.

ಅಪ್ಪ ತೀರಿಕೊಂಡಾಗಿನಿಂದ ನೆಂಟರಿಷ್ಟರು ಅವಳಿಗೆ ಧಾರಾಳವಾಗಿ ಕೊಟ್ಟಿದ್ದು ಒಂದೇ ಒಂದು... 'ಪಾಪ' ಎನ್ನುವ ಮಾತು. 'ಪಾಪ, ಮದುವೆ ವಯಸ್ಸು ಮೀರಿತು.' 'ಪಾಪ, ಎಷ್ಟು ಕಷ್ಟ ಪಡ್ತಾಳೆ.' ಅದನ್ನು ಕೇಳಿದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಇನ್ನು ಮೂಲೆಯ ಮೇಜಿನವನು? ಅವನೂ ಅಲ್ಲಿಯ ಸಂಶೋಧನಾ ವಿದ್ಯಾರ್ಥಿ. ಲ್ಯಾಬಿನ ಸರ್ವರ್ ನೋಡಿಕೊಳ್ಳುವ ಕೆಲಸವೂ ಅವನದೇ. ಯಾರಾದರೂ ಅರ್ಧಕ್ಕೆ ಬಿಟ್ಟುಹೋಗಿ ಉಳಿದವರನ್ನು ಕಾಯಿಸಿದರೆ ಅವರ ಸೆಷನ್ನನ್ನು, ಅಂದರೆ ಸರ್ವರಿನಲ್ಲಿ ನಡೆಯುತ್ತಿದ್ದ ಅವರ ಕೆಲಸವನ್ನು, ಮುಲಾಜಿಲ್ಲದೆ ಕೊಲ್ಲುತ್ತಿದ್ದ. ಒಮ್ಮೆ ಪಾಠ ಮಾಡುವ ಮೇಡಂ ಅವರದ್ದನ್ನೇ ಮುಗಿಸಿದ್ದನಂತೆ! ಅದಕ್ಕೇ ಅವನ ಹೆಸರು ಯಮ.

ಮರುದಿನ ಆ ಯಮ ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡ.

"ನಿನ್ನೆ ಹೋಗಿದ್ದನ್ನ ಮತ್ತೆ ಕಟ್ಟೋಣ."

"ಯಾಕೆ, ಪಾಪ ಅನ್ನಿಸ್ತಾ?"

"ಇಲ್ಲ. ನೀವು ಡೇಟಾಬೇಸಿಗೆ ಬರೆದ ಕ್ವೆರಿ ಚೆನ್ನಾಗಿತ್ತು. ಕೊಲ್ಲೋ ಮುಂಚೆ ಓದಿದೆ."

ಅವಳಿಗೆ ನಗು ಬಂತು. ಎಷ್ಟೋ ದಿನಗಳ ಮೇಲೆ ಬಂದ ನಗು, ದಾರಿ ಮರೆತು ಅರ್ಧದಲ್ಲೇ ನಿಂತಿತು.

ಆಮೇಲೆ ದಿನಾ ಸಂಜೆ ಅವನು ಹೇಳಿಕೊಟ್ಟ. ದೊಡ್ಡ ಕೆಲಸವನ್ನು ಚಿಕ್ಕ ಚಿಕ್ಕದಾಗಿ ಒಡೆದು ಆಗಾಗ ಉಳಿಸಿಕೊಳ್ಳುವುದು, ಲಕ್ಷ ದಾಖಲೆಗಳ ನಡುವೆ ಬೇಕಾದ್ದನ್ನು ಬೇಗ ಹುಡುಕುವುದು... ತಪ್ಪಿದರೆ ತಪ್ಪು ಎನ್ನುತ್ತಿದ್ದ, ಸರಿಯಾದರೆ 'ಹ್ಞೂಂ' ಎನ್ನುತ್ತಿದ್ದ. ಅವನ ಆ ಒಂದು 'ಹ್ಞೂಂ'ಗಾಗಿ ಅವಳು ತರಗತಿ ಇಲ್ಲದ ದಿನವೂ ಎರಡು ಬಸ್ಸು ಬದಲಾಯಿಸಿ ಬರತೊಡಗಿದಳು.

'ಇದೇನಿದು ನಂಗೆ? ನಿಂತರೆ ನಿದ್ದೆ ಬರುತ್ತೆ, ಇವನು ಬಂದು ಕೂತರೆ ಎಚ್ಚರ ಆಗುತ್ತಲ್ಲ...'

ಪ್ರೀತಿ ಎಂದು ಒಪ್ಪಿಕೊಳ್ಳಲು ಅವಳಿಗೆ ಧೈರ್ಯವಿರಲಿಲ್ಲ. ಪುರುಸೊತ್ತೂ ಇರಲಿಲ್ಲ.

ಪ್ರಾಜೆಕ್ಟ್ ಒಪ್ಪಿಸುವ ದಿನ ಬಂತು. ಅದಕ್ಕೆ ಮುಂಚೆ ಮೂರು ರಾತ್ರಿ ಅವಳು ಆಸ್ಪತ್ರೆಯಲ್ಲಿ ಅಮ್ಮನ ಮಂಚದ ಪಕ್ಕ ಕುಳಿತೇ ಕಳೆದಿದ್ದಳು. ಆವತ್ತು ಎಲ್ಲರೂ ಡೇಟಾಬೇಸಿನ ಒಂದೇ ಟೇಬಲ್ಲಿನ ಮೇಲೆ ತಮ್ಮ ತಮ್ಮ ಕೆಲಸ ನಡೆಸಿ ಸಂಜೆಯೊಳಗೆ ತೋರಿಸಬೇಕಿತ್ತು. ಅವಳು ಶುರು ಮಾಡಿದಳು. ಅಂಕಿಗಳು ಕಣ್ಣ ಮುಂದೆ ಮಂಜಾದವು. ಇನ್ನೇನು ಸೇವ್ ಮಾಡಬೇಕು... ತಲೆ ಮೇಜಿಗೆ ತಾಗಿದ್ದೂ ಅವಳಿಗೆ ತಿಳಿಯಲಿಲ್ಲ.

ಎಚ್ಚರವಾದಾಗ ಲ್ಯಾಬ್ ಖಾಲಿ! ಮುಗಿಯಿತು, ಯಮ ಇದನ್ನೂ ಕೊಂದಿರುತ್ತಾನೆ, ವರ್ಷದ ಶ್ರಮ ನೀರಲ್ಲಿ ಹೋಮವಾಯಿತು ಎಂದುಕೊಂಡು ಪರದೆ ನೋಡಿದರೆ... ಅವಳ ಕೆಲಸ ಅಲ್ಲೇ ಇತ್ತು. ಒಂದಕ್ಷರ ಆಚೀಚೆ ಆಗಿರಲಿಲ್ಲ. ತಕ್ಷಣ ಸೇವ್ ಮಾಡಿ, ಓಡಿಹೋಗಿ ಒಪ್ಪಿಸಿದಳು.

ಕಾರಿಡಾರಿನಲ್ಲಿ ರೇಡಿಯೋ ಸಿಕ್ಕಳು. ತರಗತಿಯ ಸುದ್ದಿಯೆಲ್ಲ ಬಿತ್ತರಿಸುವ ಹುಡುಗಿ.

"ಅಕ್ಕಾ, ಎದ್ರಾ! ನಿಮ್ಮ ಲಾಕಿಂದ ಎಲ್ಲರದ್ದೂ ನಿಂತುಹೋಗಿತ್ತು. ಯಮ ಏನ್ಮಾಡ್ದ ಗೊತ್ತಾ? ಮೇಡಂ ಹತ್ರ ಹೋಗಿ, 'ಪಾಪ, ಅವರು ತುಂಬಾ ದಣಿದಿದ್ದಾರೆ, ಎಲ್ಲರಿಗೂ ಒಂದು ಗಂಟೆ ಹೆಚ್ಚಿಗೆ ಕೊಡಿ' ಅಂದ! ನಾವೆಲ್ಲ ಟೀ ಕುಡಿಯೋಕೆ ಹೋದ್ವಿ. ಈಗ ನೀವು ಎದ್ರಲ್ಲ, ಉಳಿದ ಹೊತ್ತಲ್ಲಿ ನಾವೂ ಮುಗಿಸ್ತೀವಿ."

ಪಾಪ!

ರೇಡಿಯೋ ಇನ್ನೂ ಏನೋ ಹೇಳುತ್ತಿದ್ದಳು, ಇವಳ ಕಿವಿಗೆ ಬೀಳಲಿಲ್ಲ. ಇಷ್ಟು ದಿನ ಪಕ್ಕ ಕುಳಿತು ಹೇಳಿಕೊಟ್ಟಿದ್ದೂ ಇದಕ್ಕೇನಾ? ನೆಂಟರ ಸಾಲಿಗೆ ಇವನೂ ಸೇರಿದನಾ? ಆವತ್ತಿನಿಂದ ಅವಳು ಅವನ ಮುಖ ನೋಡಲಿಲ್ಲ. ಅವನು ಎರಡು ಸಲ ಎದುರಿಗೆ ಬಂದ. ಅವಳು ದಾರಿ ಬದಲಿಸಿದಳು.

ವಾರದೊಳಗೆ ಸೀದಾ ಮೇಡಂ ಕೊಠಡಿಗೇ ಹೋದಳು.

"ನನ್ನ ಪ್ರಾಜೆಕ್ಟ್ ವಾಪಸ್ ಕೊಡಿ ಮೇಡಂ. ಕನಿಕರದಿಂದ ಸಿಕ್ಕ ಪಾಸು ನಂಗೆ ಬೇಡ."

ಮೇಡಂ ಕನ್ನಡಕ ತೆಗೆದು ಅವಳನ್ನೇ ನೋಡಿದರು.

"ತಲೆ ಕೆಟ್ಟಿದೆಯಾ? ಹೆಚ್ಚಿಗೆ ಕೊಟ್ಟ ಗಂಟೆ ಎಲ್ಲರಿಗೂ ಸಿಕ್ಕಿದೆ, ನೀನು ಅದರಲ್ಲಿ ಅರ್ಧ ನಿದ್ದೆ ಮಾಡಿ ಕಳೆದೆ. ಪ್ರಾಜೆಕ್ಟ್ ನಿಂದೇ, ಪಾಸೂ ನಿಂದೇ. ಮಾರ್ಕ್ಸ್ ಹಾಕಿ ಆಗಿದೆ."

ಪಾಸು! ಎರಡು ವರ್ಷದಿಂದ ಕಾದಿದ್ದ ಮಾತು ಇಷ್ಟು ಸಪ್ಪಗೆ ಬಂದು ಎದುರು ನಿಂತಿತ್ತು.

"ಆದ್ರೆ ಅವರು... ಪಾಪ ಅಂದ್ರಂತೆ."

"ಅಂದ. ಆವತ್ತೇ ಸಂಜೆ ಬಂದು ಸರ್ವರ್ ಕೆಲಸಾನೂ ಬಿಟ್ಟ."

"ಬಿಟ್ರಾ? ಯಾಕೆ?"

"ನಾನೂ ಅದನ್ನೇ ಕೇಳಿದೆ. 'ಒಬ್ಬರ ಸೆಷನ್ ಕೊಲ್ಲೋಕೆ ನಂಗೆ ಕೈ ಬರ್ತಿಲ್ಲ ಮೇಡಂ. ಅಂಥವನು ಆ ಕುರ್ಚೀಲಿ ಕೂರಬಾರದು' ಅಂದ." ಮೇಡಂ ಮತ್ತೆ ಕನ್ನಡಕ ಹಾಕಿಕೊಂಡರು. "ಅದೇ ಲ್ಯಾಬಲ್ಲಿ ಜ್ವರ ಬಂದವರು, ಅತ್ತವರು ಎಲ್ಲರೂ ಕೂತಿದ್ದಾರೆ. ಒಬ್ಬರಿಗೂ ಪಾಪ ಅಂದವನಲ್ಲ ಅವನು. ಬುದ್ಧಿವಂತೆ ನೀನು, ಇದನ್ನೂ ನಾನೇ ಬಿಡಿಸಿ ಹೇಳಬೇಕಾ?"

ಅವಳಿಗೆ ಮೆಟ್ಟಿಲು ಇಳಿದದ್ದು ಗೊತ್ತಾಗಲಿಲ್ಲ. ಬಸ್ ಸ್ಟಾಪಿನ ಕಲ್ಲು ಬೆಂಚಿನ ಮೇಲೆ ಅವನೊಬ್ಬನೇ ಕುಳಿತಿದ್ದ.

"ಕೆಲಸ ಯಾಕೆ ಬಿಟ್ರಿ?"

ಅವನು ಬೆಚ್ಚಿ ನೋಡಿದ. "ಮೇಡಂ ಹೇಳಿದ್ರಾ?"

"ನಿಮ್ಮ ಬಾಯಲ್ಲಿ ಕೇಳಬೇಕು."

ಅವನು ಮಡಿಲಲ್ಲಿದ್ದ ಚೀಲವನ್ನು ಕೆಳಗಿಟ್ಟ.

"ಆವತ್ತು ಎಬ್ಬಿಸೋಣ ಅಂತ ನಿಮ್ಮ ಹತ್ರ ಎರಡು ಸಲ ಬಂದೆ. ಆಗ್ಲಿಲ್ಲ. ಹಾಗಾದ್ರೆ ಸೆಷನ್ ಕೊಲ್ಲೋಣ ಅಂತ ವಾಪಸ್ ಹೋಗಿ ಕೂತೆ. ಅದೂ ಆಗ್ಲಿಲ್ಲ. ನೀವು ಅದಕ್ಕೆ ಎಷ್ಟು ಜೀವ ತೇದಿದ್ದೀರಿ ಅಂತ ನೋಡಿದವನು ನಾನು..."

"ಮತ್ತೆ ಪಾಪ ಅಂದಿದ್ದು?"

"ಮೇಡಂ ಎದುರು ನಿಂತು 'ಇವರನ್ನ ಪ್ರೀತಿಸ್ತೀನಿ, ಒಂದು ಗಂಟೆ ಕೊಡಿ' ಅನ್ನೋಕಾಗುತ್ತೇನ್ರೀ? ಬಾಯಿಗೆ ಬಂದಿದ್ದು ಅದು. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಹೇಳೋಣ ಅಂತ ಬಂದ್ರೆ ನೀವು ನಿಲ್ಲಲೇ ಇಲ್ಲ."

ಅವಳ ಕಣ್ಣು ತುಂಬಿ ಬಂತು. ತನ್ನ ಬೆನ್ನ ಹಿಂದೆ ಯಾರಾದರೂ ಒಂದು ಮಾತಾಡಿದರೆ ಅದು ಕನಿಕರವೇ ಆಗಿರುತ್ತದೆ ಎಂದು ಎಷ್ಟು ವರ್ಷಗಳಿಂದ ನಂಬಿಕೊಂಡು ಬಂದಿದ್ದಳು! ಪ್ರೀತಿಯೂ ಆಗಿರಬಹುದು ಎಂದು ಅವಳಿಗೆ ಯಾರೂ ಹೇಳಿಯೇ ಇರಲಿಲ್ಲ.

"ನೋಡಿ," ಎಂದಳು ಕಣ್ಣೊರೆಸಿಕೊಂಡು. "ಬೆಳಿಗ್ಗೆ ಗೋದಾಮು, ಸಂಜೆ ಅಮ್ಮ. ಸಿನಿಮಾ, ಪಾರ್ಕು ಅಂತ ಸುತ್ತೋಕೆ ನನ್ನಿಂದ ಆಗಲ್ಲ. ನನ್ನ ಜೊತೆ ಸಿಗೋದು ಸುಸ್ತೊಂದೇ."

"ನಂಗೀಗ ಕೆಲಸ ಇಲ್ಲ. ಪುರುಸೊತ್ತೇ ಪುರುಸೊತ್ತು. ಅರ್ಧ ನೀವೇ ತಗೊಳ್ಳಿ."

ಅವಳು ನಕ್ಕಳು. ಈ ಸಲ ನಗು ಅರ್ಧಕ್ಕೆ ನಿಲ್ಲಲಿಲ್ಲ, ಅಳುವನ್ನೂ ಜೊತೆಗೆ ಕರೆದುಕೊಂಡು ಬಂತು.

ಬಸ್ಸು ಬಂದು ನಿಂತಿತು. ಅವಳು ಹತ್ತಲಿಲ್ಲ.

"ಹೋಗಲ್ವಾ? ಅಮ್ಮ ಕಾಯ್ತಿರ್ತಾರೆ."

"ಅಮ್ಮನ್ನ ಮನೆಗೆ ಕರ್ಕೊಂಡು ಬಂದಾಯ್ತು, ಪಕ್ಕದ ಮನೆ ಆಂಟಿ ಜೊತೆಗಿದ್ದಾರೆ. ಹಿಂದೇನೇ ಇನ್ನೊಂದು ಬಸ್ ಬರುತ್ತೆ..." ಅವಳ ದನಿ ಸಣ್ಣದಾಯಿತು. "ನಂಗೆ ತುಂಬಾ ಸುಸ್ತಾಗಿದೆ ಕಣೋ."

"ಗೊತ್ತು," ಎಂದು ಅವನು ಸರಿದು ಜಾಗ ಮಾಡಿದ. "ಬಾ, ಕೂತ್ಕೋ."