ಕತ್ತೆತ್ತಿ ಒಮ್ಮೆ ಇತ್ತ

"ನನ್ನ ಮಷೀನ್‌ನಲ್ಲಿ ಸರಿಯಾಗೇ ಇದೆ, ಟೀಚರ್."

"ಹಾಗಾದ್ರೆ ನಿಮ್ಮ ಮಷೀನನ್ನೇ ಗಿರಾಕಿಗಳ ಮನೆಮನೆಗೂ ಕಳಿಸಿಬಿಡೋಣ."

ಅವನು ನಕ್ಕ. ಅವಳಿಗೂ ನಗು ಬಂದಿತ್ತು. ಕೆಳತುಟಿ ಕಚ್ಚಿ ತಡೆದಳು. ನಕ್ಕರೆ ಒಳಗಿನದೆಲ್ಲ ಮುಖಕ್ಕೆ ಬಂದುಬಿಡುತ್ತದೆಂಬ ಭಯ.

ಅದು ಆನ್‌ಲೈನಿನಲ್ಲಿ ಹೂಗುಚ್ಛ ಮಾರುವ ಪುಟ್ಟ ಕಂಪನಿ. ಕೆಳಗೆ ಹೂ ಕಟ್ಟುವ ಕೋಣೆ, ಮೇಲೆ ಕಂಪ್ಯೂಟರುಗಳು. ವೆಬ್‌ಸೈಟಿನ ಪುಟಗಳನ್ನು ಕಟ್ಟುವವನು ಅವನು. ಬಂದ ಹೊಸದರಲ್ಲಿ ಒಂದು ಬಟನ್ನಿನ ಬಣ್ಣಕ್ಕಾಗಿ ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದರಿಂದ ಎಲ್ಲರ ಬಾಯಲ್ಲೂ ಅವನು 'ಗುಂಡಿ'. ಅವನು ಕಟ್ಟಿದ್ದನ್ನು ಪರೀಕ್ಷಿಸುವವಳು ಅವಳು. ಮುಲಾಜಿಲ್ಲದೆ ಫೇಲ್ ಮಾಡುತ್ತಾಳೆಂದು 'ಟೀಚರ್'.

"ಆ ಸಣ್ಣ ಫೋನಿನ ಬ್ರೌಸರಲ್ಲಿ ಗುಚ್ಛದ ಜೊತೆ ಹೋಗೋ ನಿಮ್ಮ ಕಾರ್ಡು ಪದಗಳನ್ನ ಕತ್ತರಿಸ್ತಿದೆ. ಸಾಲು ಎಲ್ಲಿ ಮುಗೀಬೇಕೋ ಅದಕ್ಕೇ ಗೊತ್ತಿಲ್ಲ. ಅಚ್ಚಾಗೋದೂ ಹಾಗೇ."

"ಸರಿ, ವಿಡಿಯೋ ತೋರಿಸಿ."

"ತೋರಿಸಲ್ಲ."

"ಅಂದ್ರೆ? ಟೆಸ್ಟ್ ಓಡಿದಾಗ ಪರದೆಯದೆಲ್ಲ ವಿಡಿಯೋ ಆಗುತ್ತಲ್ಲ?"

"ಆಗುತ್ತೆ. ತೋರಿಸಲ್ಲ. ಸುಮ್ನೆ ಸರಿ ಮಾಡಿ."

ಅವನು ಒಂದು ಗಳಿಗೆ ಅವಳನ್ನೇ ನೋಡಿ, ತನ್ನ ಪರದೆಯ ಕಡೆ ತಿರುಗಿದ. ಈ ಸಲ ನಗಲಿಲ್ಲ.

ತೋರಿಸುವುದಾದರೂ ಹೇಗೆ? ಪರೀಕ್ಷೆಯನ್ನು ಅವಳು ಕೈಯಾರೆ ಮಾಡುತ್ತಿರಲಿಲ್ಲ. ಅವಳು ಹೇಳಿಕೊಟ್ಟ ಪಾಠವನ್ನು ಎಲ್ಲೋ ದೂರದಲ್ಲಿ, ಕ್ಲೌಡ್‌ನಲ್ಲಿರುವ ಬ್ರೌಸರುಗಳು ಚಾಚೂ ತಪ್ಪದೆ ಒಪ್ಪಿಸುತ್ತಿದ್ದವು. ಹೊಸ ಫೋನಿನದು, ಹಳೇ ಫೋನಿನದು, ಲ್ಯಾಪ್‌ಟಾಪಿನದು ಎಂದು ಎಂಟು ಬ್ರೌಸರುಗಳು ಒಟ್ಟಿಗೇ ತೆರೆದುಕೊಂಡು, ಗಿರಾಕಿಯ ಹಾಗೆ ಹೂ ಆರಿಸಿ, ಆಫೀಸಿನ ವಿಳಾಸ ತುಂಬಿ, ಕಾರ್ಡಿನಲ್ಲಿ ನಾಲ್ಕು ಮಾತು ಬರೆದು, 'ಕಳಿಸಿ' ಎಂದು ಒತ್ತುತ್ತಿದ್ದವು. ಎಲ್ಲವೂ ಟೆಸ್ಟ್ ಸೈಟಿನಲ್ಲಿ. ಕೆಳಗಿನ ಕೋಣೆಯಲ್ಲಿ ಒಂದು ಎಸಳೂ ಅಲುಗುತ್ತಿರಲಿಲ್ಲ.

ಆ ನಾಲ್ಕು ಮಾತಿನದೇ ಪೇಚು. ಕಾರ್ಡಿನಲ್ಲಿ ಕನ್ನಡ ಸರಿಯಾಗಿ ಕೂರುತ್ತದೋ ಇಲ್ಲವೋ ತಿಳಿಯಲು ಒತ್ತಕ್ಷರ ತುಂಬಿದ ವಾಕ್ಯ ಬೇಕಿತ್ತು. ಬೇರೇನೂ ತೋಚಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ಬರೆದಿದ್ದಳು:

'ಗುಂಡಿಗೆ. ಕತ್ತೆತ್ತಿ ಒಮ್ಮೆ ಇತ್ತ ನೋಡಿ. ನಿಮ್ಮ ನಗು ಕೇಳಿಸದ ದಿನ ನನಗೆ ಕೆಲಸವೇ ಸಾಗುವುದಿಲ್ಲ.'

ಓದುವವರು ಯಾರು, ಯಂತ್ರ ತಾನೇ? ಪರೀಕ್ಷೆ ಓಡಿದಾಗಲೆಲ್ಲ ಅವಳು ವಿಡಿಯೋ ಹಾಕಿಕೊಂಡು, ಕಾಣದ ಕೈಯೊಂದು ತನ್ನ ಮನಸ್ಸನ್ನು ಅಕ್ಷರ ಅಕ್ಷರವಾಗಿ ಬರೆಯುವುದನ್ನು ಕದ್ದು ನೋಡುತ್ತಿದ್ದಳು. ಕಿವಿ ಬಿಸಿಯಾಗುತ್ತಿತ್ತು.

ಮರುದಿನ ಬೆಳಿಗ್ಗೆ ಮ್ಯಾನೇಜರ್ ಅವಳ ಮೇಜಿಗೆ ಬಂದರು. "ಗುಂಡಿ ಸೋಮವಾರದಿಂದ ಪಕ್ಕದ ಬಿಲ್ಡಿಂಗಿನ ಟೀಮಿಗೆ ಹೋಗ್ತಾನೆ. ತಾನೇ ಕೇಳ್ಕೊಂಡ. 'ಟೀಚರ್‌ಗೆ ನನ್ನ ಕಂಡ್ರೆ ಆಗಲ್ಲ, ಇಲ್ಲದ ತಪ್ಪೂ ಹುಡುಕ್ತಾರೆ' ಅಂದ. ಏನಮ್ಮಾ ನಿಮ್ಮಿಬ್ಬರ ಜಗಳ?"

"ಜಗಳ ಏನಿಲ್ಲ ಸರ್," ಎಂದಳು. ದನಿ ಅವಳಿಗೇ ಕೇಳಿಸಲಿಲ್ಲ.

ಆರು ವರ್ಷದ ಮಗಳನ್ನು ಒಬ್ಬಳೇ ಸಾಕುತ್ತಿದ್ದಳು. ಬೆಳಗಾದರೆ ಡಬ್ಬಿ, ಜಡೆ, ಶಾಲೆ, ಬಸ್ಸು. ಸಂಜೆಯಾದರೆ ಹೋಮ್‌ವರ್ಕು, ಅಡುಗೆ, ಪಾತ್ರೆ. ಇಡೀ ದಿನದಲ್ಲಿ ಅವಳದೇ ಎಂದು ಇದ್ದದ್ದು ಅವನ ಮೇಜಿನವರೆಗಿನ ಆ ಸಣ್ಣ ನಡಿಗೆ. ಅದೂ ಹೋಗುವುದರಲ್ಲಿತ್ತು. ಎದ್ದು ಹೋಗಿ ನಿಜ ಹೇಳೋಣವೆಂದರೆ ಬಾಯಿ ಬರಲಿಲ್ಲ. ಬಂದದ್ದು ಕೆಲಸ ಮಾತ್ರ. ಪರೀಕ್ಷೆ ಓಡಿಸಿದಳು.

ಒಬ್ಬ ಗಿರಾಕಿಯ ದೂರು ನೋಡಲೆಂದು ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ಪರೀಕ್ಷೆಯನ್ನು ಗಿರಾಕಿಗಳು ಬಳಸುವ ಅಸಲಿ ಸೈಟಿಗೆ ತಿರುಗಿಸಿದ್ದಳು. ಹಿಂದಕ್ಕೆ ತಿರುಗಿಸಿರಲಿಲ್ಲ.

ಊಟದ ಹೊತ್ತಿಗೆ ಕೆಳಗಿನ ಕೋಣೆಯ ಹೂವಿನಕ್ಕ ಏದುಸಿರು ಬಿಡುತ್ತ ತಳ್ಳುಗಾಡಿಯೊಂದಿಗೆ ಲಿಫ್ಟಿನಿಂದ ಹೊರಬಂದಳು. ಗಾಡಿಯ ತುಂಬ ಗುಲಾಬಿ.

"ಯಾರಪ್ಪಾ ಇಲ್ಲಿ ಗುಂಡಿ? ಒಂದೇ ಉಸಿರಿಗೆ ಎಂಟು ಆರ್ಡರು! ನಮ್ಮ ಬೆರಳು ಬಿದ್ದುಹೋಯ್ತು. ಯಾರೋ ಪಾಪ ತುಂಬಾ ಹಚ್ಕೊಂಡಿದಾರೆ ಕಣೋ ನಿನ್ನ."

ಎಲ್ಲರೂ ಎದ್ದು ನಿಂತರು. ಅವಳು ಪರದೆಯ ಮೂಲೆಯಲ್ಲಿದ್ದ ವಿಳಾಸ ನೋಡಿದಳು. ಅಸಲಿ ಸೈಟು. ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಓದಕ್ಕಾ, ಓದು!" ಯಾರೋ ಕೂಗಿದರು.

ಅಕ್ಕ ಕೈಗೆ ಸಿಕ್ಕಿದ ಕಾರ್ಡು ಎತ್ತಿದಳು. "ಗುಂಡಿಗೆ. ಕತ್ತೆ." ಕಣ್ಣು ಕಿರಿದು ಮಾಡಿದಳು. "ಕತ್ತೆ ಅಂತಲೇ ಇದೆಯಪ್ಪಾ. ಆಮೇಲೆ 'ತ್ತಿ ಒಮ್ಮೆ' ಅಂತೆ. ಉಳಿದದ್ದು ಕಾರ್ಡಿಂದ ಆಚೆ ಹೋಗಿದೆ."

ಆಫೀಸು ಗೊಳ್ಳೆಂದಿತು.

ಅವನೂ ನಗಲು ನೋಡಿದ, ಆಗಲಿಲ್ಲ. ಆರ್ಡರಿನ ಚೀಟಿಯಲ್ಲಿ ಪರೀಕ್ಷೆಯ ಇಮೇಲ್ ಇತ್ತು, ಅವಳದು. "ಬೈಯೋದಕ್ಕೂ ಗುಲಾಬಿ ಕಳಿಸ್ತಾರಾ, ಟೀಚರ್?" ಎಂದ ಮೆಲ್ಲಗೆ. "ಹೇಗೂ ಹೋಗ್ತಾ ಇದೀನಲ್ಲ. ಎಂಟು ಸಲ ಬೈಬೇಕಿತ್ತಾ?"

ಇನ್ನು ಸುಮ್ಮನಿದ್ದರೆ ಅವನು ಆ ಬೈಗುಳವನ್ನೇ ಕಟ್ಟಿಕೊಂಡು ಹೋಗುತ್ತಾನೆ. ಅವಳು ಎದ್ದು ಬಂದಳು. ಗಾಡಿಯಿಂದ ಇನ್ನೊಂದು ಗುಚ್ಛ ತೆಗೆದು ಅವನ ಮುಂದೆ ಹಿಡಿದಳು.

"ಅದು ಸಣ್ಣ ಫೋನಿನದು. ನಾನು ಹೇಳ್ತಿದ್ದ ತಪ್ಪು ಅದೇ. ಇದನ್ನ ಓದಿ. ಜೋರಾಗಿ ಬೇಡ."

ಅವನು ಓದಿದ. ಗಾಡಿಯಿಂದ ಮತ್ತೊಂದು ಕಾರ್ಡು ತೆಗೆದ, ಓದಿದ. ಮೂರನೆಯದನ್ನೂ. ಎಲ್ಲದರಲ್ಲೂ ಸಾಲು ಸರಿಯಾಗಿ ಮುರಿದಿತ್ತು. ಮೂರನೆಯದರ ಹೊತ್ತಿಗೆ ಅವನ ಕಿವಿಗಳು ಗುಲಾಬಿಗಿಂತ ಕೆಂಪಾಗಿದ್ದವು.

"ಇದಕ್ಕೇನಾ ವಿಡಿಯೋ ತೋರಿಸದೇ ಇದ್ದದ್ದು?"

"ಮತ್ತೇನು."

"ಇದು... ಟೆಸ್ಟಿಗೆ ಅಂತ ಸುಮ್ನೆ ಬರೆದದ್ದಾ?"

"ಟೆಸ್ಟಿಗೆ ಅಂತಲೇ ಬರೆದದ್ದು. ಸುಮ್ನೆ ಅಲ್ಲ." ಅವಳು ಉಸಿರೆಳೆದುಕೊಂಡಳು. "ನಾನು ಒಂದೂ ಸುಳ್ಳು ತಪ್ಪು ತೋರಿಸಿಲ್ಲ ರೀ. ಆದ್ರೆ ಮೆಸೇಜಲ್ಲಿ ಹೇಳಬಹುದಾಗಿದ್ದನ್ನೆಲ್ಲ ನಿಮ್ಮ ಮೇಜಿಗೇ ಬಂದು ಹೇಳ್ತಿದ್ದೆ. ಅದೊಂದು ನನ್ನ ತಪ್ಪು."

ಹೂವಿನಕ್ಕ ಸೊಂಟದ ಮೇಲೆ ಕೈಯಿಟ್ಟಳು. "ಈಗ ಗುಂಡಿಗೆ ಅಂದ್ರೆ ಇವನಿಗಾ, ಇಲ್ಲಾ ನಿಂಗೆ ಗುಂಡಿಗೆ ಇದೆ ಅಂತಾನಾ? ಅದಾದ್ರೂ ಹೇಳಿ, ನಾನು ಊಟಕ್ಕೆ ಹೋಗ್ಬೇಕು."

"ಎರಡೂ ಅಕ್ಕಾ," ಎಂದ ಅವನು. ಕಣ್ಣು ಮಾತ್ರ ಅವಳ ಮೇಲಿಂದ ಕದಲಲಿಲ್ಲ. "ಸರ್, ಪಕ್ಕದ ಬಿಲ್ಡಿಂಗಿಗೆ ಬೇರೆ ಯಾರನ್ನಾದ್ರೂ ಕಳಿಸಿ. ಇಲ್ಲಿ ಸರಿ ಮಾಡೋದು ಬಹಳ ಇದೆ."

ಗದ್ದಲ ಕೇಳಿ ಬಂದಿದ್ದ ಮ್ಯಾನೇಜರ್ ಹಣೆ ಚಚ್ಚಿಕೊಂಡರು. "ಮೊದಲು ಆ ಕತ್ತೆನ ಸರಿ ಮಾಡಪ್ಪಾ. ಗಿರಾಕಿಗಳ ಹೆಂಡ್ತಿಯರಿಗೆ ಹೋದ್ರೆ ನಮ್ಮ ಗತಿ ಏನು?"

ಸಂಜೆಯೊಳಗೆ ಸರಿ ಮಾಡಿದ. ಎಂಟಕ್ಕೆ ಎಂಟು ಬ್ರೌಸರೂ ಪಾಸಾಗಿ ಹಸಿರು ತೋರಿಸಿದವು. ಆಮೇಲೆ ಬ್ಯಾಗು ಹೆಗಲಿಗೇರಿಸಿ ಅವಳ ಜೊತೆ ಬಸ್‌ಸ್ಟಾಪಿನ ದಾರಿ ಹಿಡಿದ.

"ನನಗೊಬ್ಬಳು ಮಗಳಿದಾಳೆ," ಅವಳೆಂದಳು, ನೆಲ ನೋಡುತ್ತ.

"ಗೊತ್ತು. ನಿಮ್ಮ ಮೇಜಿನ ಮೇಲೆ ಅವಳು ಬರೆದ ಆನೆ ಚಿತ್ರ ಇದೆಯಲ್ಲ."

"ಅದು ಆನೆ ಅಲ್ಲ. ನಾನು."

ಅವನು ನಡುರಸ್ತೆಯಲ್ಲಿ ನಿಂತು ನಕ್ಕ. ಈ ಸಲ ಅವಳೂ ತುಟಿ ಕಚ್ಚಲಿಲ್ಲ. ದಾರಿಹೋಕರು ತಿರುಗಿ ನೋಡುವಷ್ಟು ನಕ್ಕರು.

ಬಸ್ಸಿಳಿದಾಗ, ಸಂಜೆಯವರೆಗೂ ಮಕ್ಕಳನ್ನು ನೋಡಿಕೊಳ್ಳುವ ಶಾಲೆಯ ಗೇಟಿನಿಂದ ಮಗಳು ಓಡಿ ಬಂದಳು. ಹೊಸಬನನ್ನು ಶೂವಿನಿಂದ ತಲೆಗೂದಲಿನವರೆಗೆ ಅಳೆದಳು.

"ಅಮ್ಮಾ, ಇವ್ರು ಯಾರು?"

ದಾರಿಯುದ್ದಕ್ಕೂ ಅವಳು ಹೆದರಿದ್ದು ಈ ಒಂದು ಪ್ರಶ್ನೆಗೆ. ಸಹೋದ್ಯೋಗಿ ಎನ್ನಬಹುದಿತ್ತು, ಅಂಕಲ್ ಎನ್ನಬಹುದಿತ್ತು. ಅವನೂ ಕಾಯುತ್ತಿದ್ದ.

"ಅಮ್ಮಂಗೆ ಇವ್ರನ್ನ ಕಂಡ್ರೆ ತುಂಬಾ ಇಷ್ಟ, ಪುಟ್ಟಿ."

ಮಗಳು ಬೆನ್ನಿನಿಂದ ಭಾರದ ಸ್ಕೂಲ್ ಬ್ಯಾಗು ಇಳಿಸಿ ಎರಡೂ ಕೈಯಲ್ಲಿ ಅವನತ್ತ ಚಾಚಿದಳು.

"ಹಾಗಾದ್ರೆ ಇದನ್ನ ಹಿಡ್ಕೊಳ್ಳಿ. ಹೊತ್ತು ಹೊತ್ತು ಅಮ್ಮಂಗೆ ದಿನಾ ಭುಜ ನೋಯುತ್ತೆ."